ರೈಜನ್ 5 3600: ಆರು ವರ್ಷ, ಒಂದೇ ಬೋರ್ಡು, ಎರಡು ಪ್ರೊಸೆಸರ್

ಮೊದಲೇ ಹೇಳಿಬಿಡುತ್ತೇನೆ, ನಾನು ಗೇಮ್ ಆಡುವವನಲ್ಲ. ಎಫ್‌ಪಿಎಸ್ (ಗೇಮ್‌ನಲ್ಲಿ ಸೆಕೆಂಡಿಗೆ ಬರುವ ಚಿತ್ರಗಳು) ಎಷ್ಟು ಬರುತ್ತೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ತುಮಕೂರಿನಲ್ಲಿ ನಮ್ಮ ಚಿಕ್ಕಪ್ಪನ ಆಫ್‌ಸೆಟ್ ಪ್ರೆಸ್ ಇದೆ. ಅದರ ಮೇಲಿನ ರೂಮಿನಲ್ಲಿ ಕೂತು ಲಗ್ನಪತ್ರಿಕೆ, ಆಲ್ಬಮ್, ಬ್ಯಾನರ್ ಮಾಡುತ್ತೇನೆ. ಮದುವೆ ಸೀಸನ್ ಬಂದರೆ ವಿಡಿಯೊ ಎಡಿಟಿಂಗ್. ದಿನಕ್ಕೆ ಹತ್ತು-ಹನ್ನೆರಡು ಗಂಟೆ, ಕೆಲವೊಮ್ಮೆ ರಾತ್ರಿಯಿಡೀ ಓಡುವ ಕಂಪ್ಯೂಟರ್ ಇದು. 2019ರ ಆಯುಧಪೂಜೆಗೆ ಎರಡು ದಿನ ಮುಂಚೆ ಬಂದ ಎಎಂಡಿ ಕಂಪನಿಯ ಪ್ರೊಸೆಸರ್ ರೈಜನ್ 5 3600, ಆಮೇಲೆ ಅದೇ ಮದರ್‌ಬೋರ್ಡಿನ ಮೇಲೆ 2024ರಲ್ಲಿ ಕೂರಿಸಿದ ರೈಜನ್ 7 5700ಎಕ್ಸ್, ಇವೆರಡರ ಬಗ್ಗೆ ಬರೆಯುತ್ತಿದ್ದೇನೆ. ಬಾಕ್ಸ್ ಬಿಚ್ಚಿದ ದಿನವೇ ಬರೆದ ವಿಮರ್ಶೆ ಬೇಕಾದಷ್ಟಿವೆ. ಆರು ವರ್ಷ ದುಡಿಸಿಕೊಂಡು ಬರೆದದ್ದು ಕಮ್ಮಿ.

ಇನ್ನೊಂದು ಕಾರಣವೂ ಇದೆ. ತಿಂಗಳಿಗೊಬ್ಬರಾದರೂ "ಹೊಸ ಚಿಪ್ ಬರ್ತಿದೆಯಂತೆ, ಕಾಯಲಾ?" ಅಂತ ಕೇಳುತ್ತಾರೆ. ಕಾಯುವ ವಿಷಯದಲ್ಲಿ ನನಗೆ ಸ್ವಲ್ಪ ಅನುಭವ ಜಾಸ್ತಿ, ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

2014ರಲ್ಲಿ ಮೊದಲ ಸಲ ಸ್ವಂತ ದುಡ್ಡಿನಲ್ಲಿ ಕಂಪ್ಯೂಟರ್ ಜೋಡಿಸೋಣ ಅಂತ ಹೊರಟಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಇಂಟೆಲ್‌ನ 14 ನ್ಯಾನೊಮೀಟರ್ ಚಿಪ್ ಬ್ರಾಡ್‌ವೆಲ್ ಬರುತ್ತೆ, ಸ್ವಲ್ಪ ತಡಿ. (ಇಂಟೆಲ್ ಅಂದರೆ ಎಎಂಡಿಯ ಎದುರಾಳಿ ಕಂಪನಿ. ನ್ಯಾನೊಮೀಟರ್ ನಂಬರ್ ಚಿಪ್ ಮಾಡುವ ವಿಧಾನದ ಹೆಸರು, ಕಮ್ಮಿಯಾದಷ್ಟೂ ಸಣ್ಣ ಕೆತ್ತನೆ.) ತಡೆದೆ. ಏಪ್ರಿಲ್ ಆಯಿತು, ಮೇ ಆಯಿತು, ಮದುವೆ ಸೀಸನ್ನೇ ಮುಗಿದುಹೋಯಿತು. ಬ್ರಾಡ್‌ವೆಲ್ ಪತ್ತೆ ಇಲ್ಲ. ಬಂದದ್ದು ಹ್ಯಾಸ್‌ವೆಲ್ ರಿಫ್ರೆಶ್, ಅಂದರೆ ಹಳೇ ಚಿಪ್ಪಿಗೇ ಚೂರು ವೇಗ ಜಾಸ್ತಿ ಮಾಡಿ ಹೊಸ ನಂಬರ್ ಅಂಟಿಸಿದ್ದು. ಅದರಲ್ಲೇ ಐ5-4460 ತಗೊಂಡೆ. ಡೆಸ್ಕ್‌ಟಾಪ್‌ಗೆ ಬ್ರಾಡ್‌ವೆಲ್ ಬಂದದ್ದು 2015ರ ಜೂನ್‌ನಲ್ಲಿ, ಅದೂ ಸಾಕೆಟ್‌ಗೆ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ) ಹಾಕುವಂಥದ್ದು ಎರಡೇ ಮಾಡೆಲ್. ಮುಂದೆ ಎರಡೇ ತಿಂಗಳಿಗೆ ಅದಕ್ಕಿಂತ ಹೊಸ ಸ್ಕೈಲೇಕ್ ಬಂತು! ವರ್ಷವಿಡೀ ಕಾದು ಬ್ರಾಡ್‌ವೆಲ್ ತಗೊಂಡವರ ಮುಖ ಹೇಗಿತ್ತೋ.

ಐ5 ಕೆಟ್ಟದ್ದಲ್ಲ, ಐದು ವರ್ಷ ಅನ್ನ ಹಾಕಿದೆ. ಆದರೆ 4 ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ ನಾಲ್ಕೇ ಘಟಕ. ಇಂಟೆಲ್ ಮನೆಬಳಕೆಯ ಡೆಸ್ಕ್‌ಟಾಪ್‌ಗೆ 4 ಕೋರ್ ಕೊಟ್ಟದ್ದು 2007ರ ಆಸುಪಾಸಿನಲ್ಲಿ, 6 ಕೋರ್ ಕೊಟ್ಟದ್ದು 2017ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ ನಾಲ್ಕರಲ್ಲೇ ನಿಲ್ಲಿಸಿದ್ದರು. ಕಾರಣ ಸುಲಭ, ಎದುರಿಗೆ ಯಾರೂ ಇರಲಿಲ್ಲ. ಎಎಂಡಿ 2011ರಲ್ಲಿ ತಂದ ಬುಲ್ಡೋಜರ್ ತಾನೂ ವರ್ಷಗಟ್ಟಲೆ ತಡವಾಗಿ ಬಂದು, ಬಂದಮೇಲೆ ಕರೆಂಟ್ ಕುಡಿದು, ವೇಗದಲ್ಲೂ ಸೋತಿತ್ತು. ಆ ಕಂಪನಿಯ ಷೇರು 2015ರಲ್ಲಿ 2 ಡಾಲರ್‌ಗಿಂತ ಕೆಳಗೆ ಇಳಿದಿತ್ತು. ಎದುರಾಳಿ ಮಲಗಿದ್ದಾಗ ಓಡುವ ದರ್ದು ಯಾರಿಗಿರುತ್ತೆ, ಅಲ್ವಾ? 2017ರ ಮಾರ್ಚ್ 2ಕ್ಕೆ ರೈಜನ್ ಬಂದು 8 ಕೋರನ್ನು 499 ಡಾಲರ್‌ಗೆ ಇಟ್ಟಿತು. ಅದೇ 8 ಕೋರ್‌ಗೆ ಇಂಟೆಲ್ ಆಗ ಸಾವಿರ ಡಾಲರ್ ಮೇಲೆ ಕೇಳುತ್ತಿತ್ತು. ಏಳೇ ತಿಂಗಳಲ್ಲಿ ಇಂಟೆಲ್‌ನ ಮಾಮೂಲಿ ಐ7ಗೂ 6 ಕೋರ್ ಬಂತು.

ನಾನು ಆಗಲೇ ಬದಲಾಯಿಸಬೇಕಿತ್ತು. ಮಾಡಲಿಲ್ಲ, ಮತ್ತೆ ಕಾದೆ. ಈ ಸಲ 10 ನ್ಯಾನೊಮೀಟರ್‌ಗೆ.

ಈ 10 ನ್ಯಾನೊಮೀಟರ್ ಕಥೆ ಪ್ರೆಸ್‌ನವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತೆ. ನಾಲ್ಕು ಬಣ್ಣದ ಲಗ್ನಪತ್ರಿಕೆ ಅಚ್ಚು ಹಾಕುವಾಗ ಒಂದೇ ಹಾಳೆ ನಾಲ್ಕು ಸಲ ಪ್ಲೇಟ್ ಕೆಳಗೆ ಹೋಗುತ್ತೆ. ಒಂದು ಬಣ್ಣದ ಮೇಲೆ ಇನ್ನೊಂದು ಕೂದಲೆಳೆಯಷ್ಟು ಜರುಗಿದರೂ ಗಣೇಶನ ಸೊಂಡಿಲು ಎರಡಾಗಿ ಕಾಣುತ್ತೆ. ಹಾಳೆ ವೇಸ್ಟ್. ಚಿಪ್ ಫ್ಯಾಕ್ಟರಿಯಲ್ಲೂ ಬೆಳಕಿನಿಂದ ಅಚ್ಚು ಹಾಕುವುದೇ. ಅವರ ಬೆಳಕಿನ ತರಂಗ 193 ನ್ಯಾನೊಮೀಟರ್, ಎಳೆಯಬೇಕಾದ ಗೆರೆಗಳ ನಡುವಿನ ದೂರ 36 ನ್ಯಾನೊಮೀಟರ್. ದಪ್ಪ ಬ್ರಶ್‌ನಲ್ಲಿ ಸಣ್ಣ ಗೆರೆ ಎಳೆದ ಹಾಗೆ. ಹಾಗಾಗಿ ಒಂದೇ ಪದರವನ್ನು ಹಂತ ಹಂತವಾಗಿ ಸೀಳಿ ನಾಲ್ಕು ಪಟ್ಟು ಸಣ್ಣದು ಮಾಡಬೇಕು, ಪ್ರತಿ ಹಂತದಲ್ಲೂ ಗೆರೆ ಮೇಲೆ ಗೆರೆ ಸರಿಯಾಗಿ ಕೂರಬೇಕು. ಅದರ ಮೇಲೆ ಇಂಟೆಲ್ ಒಂದೇ ಏಟಿಗೆ 2.7 ಪಟ್ಟು ಜಾಸ್ತಿ ಟ್ರಾನ್ಸಿಸ್ಟರ್ (ಚಿಪ್‌ನೊಳಗಿನ ಪುಟ್ಟ ಸ್ವಿಚ್) ತುಂಬಲು ಹೊರಟಿತು, ಕೆಲವು ತಂತಿಗಳಿಗೆ ತಾಮ್ರ ಬಿಟ್ಟು ಕೋಬಾಲ್ಟ್ ಹಾಕಿತು. ಹೊಸ ಇಂಕು, ಹೊಸ ಕಾಗದ, ಹೊಸ ಮಷೀನು ಎಲ್ಲಾ ಒಂದೇ ದಿನ ತಂದಿಟ್ಟುಕೊಂಡು ಅರ್ಜೆಂಟ್ ಆರ್ಡರ್ ಒಪ್ಪಿಕೊಂಡ ಹಾಗೆ ಆಯಿತು. ಹಾಳೆಗಳೆಲ್ಲಾ ವೇಸ್ಟ್ ಪೇಪರ್ ಮೂಟೆಗೆ.

2015ರ ಜುಲೈನಲ್ಲಿ ಇಂಟೆಲ್‌ನ ಆಗಿನ ಸಿಇಒ ಬ್ರಯಾನ್ ಕ್ರಜಾನಿಚ್ ಅವರು 10 ನ್ಯಾನೊಮೀಟರ್ 2017ರ ಎರಡನೇ ಭಾಗಕ್ಕೆ ಅಂದರು. 2018ರ ಏಪ್ರಿಲ್‌ನಲ್ಲಿ ಅದು 2019ಕ್ಕೆ ಹೋಯಿತು. ನಡುವೆ 2018ರ ಮೇನಲ್ಲಿ ಒಂದು 10 ನ್ಯಾನೊಮೀಟರ್ ಚಿಪ್ ಹೊರಬಂದದ್ದು ನಿಜ, ಐ3-8121ಯು ಅಂತ. ಎರಡು ಕೋರ್, ಒಳಗಿದ್ದ ಗ್ರಾಫಿಕ್ಸ್ ಬಂದ್ ಮಾಡಿದ್ದು. ಕೊಟ್ಟ ಮಾತು ಉಳಿಸಿಕೊಳ್ಳೋಕೆ ನಾಲ್ಕು ಹಾಳೆ ಅಚ್ಚು ಹಾಕಿ ಗಿರಾಕಿ ಕೈಗೆ ಕೊಟ್ಟು ಕಳಿಸುತ್ತೇವಲ್ಲ, ಆ ಥರ. ಡೆಸ್ಕ್‌ಟಾಪ್ ಮಾತ್ರ 14ರಲ್ಲೇ ನಿಂತಿತ್ತು. 14ರ ಮುಂದೆ ಪ್ಲಸ್, ಪ್ಲಸ್ ಪ್ಲಸ್ ಅಂತ ಸೇರಿಸುತ್ತಾ ಹೋದರು, ಜನ ನಕ್ಕರು. 2018ರ ಕೊನೆಗೆ ಇನ್ನೊಂದು ತಮಾಷೆ. ಎಲ್ಲವನ್ನೂ ಅದೇ 14ರಲ್ಲಿ ಮಾಡಬೇಕಾಗಿ ಬಂದು ಆ ಚಿಪ್‌ಗಳೂ ಸಾಲದೆ ಹೋದವು. ನಾನು ದುಡ್ಡು ಇಟ್ಟುಕೊಂಡು ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡ್‌ಗೆ ಹೋದರೆ ಬೇಕಾದ ಐ5 ಸ್ಟಾಕ್ ಇಲ್ಲ, ಇದ್ದ ಕಡೆ ರೇಟ್ ಮೇಲೆ. ಬರಿಗೈಲಿ ವಾಪಸ್ ಬಂದೆ.

3600 ಬಂದದ್ದು 2019ರ ಜುಲೈ 7ಕ್ಕೆ. 6 ಕೋರ್, 12 ಥ್ರೆಡ್ (ಒಂದು ಕೋರ್‌ಗೆ ಒಟ್ಟಿಗೆ ಎರಡು ಕೆಲಸ), 65 ವ್ಯಾಟ್, ಹೊರಗಡೆ 199 ಡಾಲರ್. ಇದರ ಕೋರ್‌ಗಳನ್ನು ಅಚ್ಚು ಹಾಕಿದ್ದು ತೈವಾನಿನ ಟಿಎಸ್‌ಎಂಸಿ, 7 ನ್ಯಾನೊಮೀಟರ್ ಹೆಸರಿನಲ್ಲಿ. ಬೆಳಕು ಅದೇ 193, ಆದರೆ ಅವರು ಗೆರೆಗಳನ್ನು 40 ನ್ಯಾನೊಮೀಟರ್‌ಗೆ ನಿಲ್ಲಿಸಿದರು, 36ಕ್ಕೆ ಆಸೆಪಡಲಿಲ್ಲ. ಎಎಂಡಿಯವರೂ ಒಂದು ಜಾಣತನ ಮಾಡಿದ್ದರು. ಒಂದೇ ದೊಡ್ಡ ಚಿಪ್ ಬದಲು ಸಣ್ಣ ಸಣ್ಣ ತುಂಡು ಮಾಡಿ ಪಕ್ಕಪಕ್ಕ ಕೂರಿಸಿದರು. ಪೋಸ್ಟರ್ ಮೇಲೆ ಇಂಕ್ ಚುಕ್ಕೆ ಬಿದ್ದರೆ ಇಡೀ ಪೋಸ್ಟರ್ ಹೋಯಿತು, ಅದೇ ಹಾಳೆಯಲ್ಲಿ ಇಪ್ಪತ್ತು ವಿಸಿಟಿಂಗ್ ಕಾರ್ಡ್ ಇದ್ದರೆ ಒಂದು ಕಾರ್ಡ್ ಮಾತ್ರ ಹೋಗುತ್ತೆ. 3600ರೊಳಗಿನ ತುಂಡಿನಲ್ಲೂ ಇರುವುದು 8 ಕೋರ್, ಎರಡನ್ನು ಮುಚ್ಚಿ 6 ಅಂತ ಮಾರಿದ್ದು. ಚುಕ್ಕೆ ಬಿದ್ದ ಕಾರ್ಡನ್ನೂ ಬಿಸಾಡದೆ ಬಳಸಿದ್ದಾರೆ ಅನ್ನಿ.

ನಾನು ಕೊಟ್ಟದ್ದು 16,800 ರೂಪಾಯಿ. ಜೊತೆಗೆ ಬಿ450 ಚಿಪ್‌ಸೆಟ್‌ನ ಒಂದು ಬೋರ್ಡು, ಯಾವ ಕಂಪನಿದು ಅಂತ ಹೇಳುವುದಿಲ್ಲ. ರಾತ್ರಿ ಮನೆಗೆ ತಂದು ಜೋಡಿಸಿ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಪರದೆ ಮಾತ್ರ ಕಪ್ಪು. ರ್‍ಯಾಮ್ ತೆಗೆದು ಹಾಕಿದೆ, ಒರೆಸಿದೆ, ಊದಿದೆ. ಊಹೂಂ. ಬೆಳಗ್ಗೆ ಬೋರ್ಡನ್ನು ಪಂಚೆಯಲ್ಲಿ ಸುತ್ತಿಕೊಂಡು ಬೆಂಗಳೂರು ಬಸ್ ಹತ್ತಿದೆ. ಅಂಗಡಿ ಹುಡುಗ ಬಾಕ್ಸ್ ತಿರುಗಿಸಿ ನೋಡಿ, "ಅಣ್ಣಾ, ಸ್ಟಿಕ್ಕರ್ ಇಲ್ವಲ್ಲ ಇದರ ಮೇಲೆ, ಹಳೇ ಸ್ಟಾಕು. ಹೊಸ ಪ್ರೊಸೆಸರ್ ಗುರುತೇ ಸಿಗ್ತಿಲ್ಲ ಇದಕ್ಕೆ" ಅಂದ. ಡ್ರಾಯರ್‌ನಿಂದ ಒಂದು ಹಳೇ ರೈಜನ್ ತೆಗೆದು ಕೂರಿಸಿ, ಪೆನ್‌ಡ್ರೈವ್‌ನಿಂದ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಹೊಸದು ಮಾಡಿ, ಮತ್ತೆ ನನ್ನದನ್ನು ಹಾಕಿದ. ಕಾಫಿ ಕುಡಿಯುವಷ್ಟು ಹೊತ್ತು. 300 ರೂಪಾಯಿ ತಗೊಂಡ. ಹಳೇ ಸ್ಟಾಕ್ ಮಾರಿದ್ದೂ ಅವರೇ, ಸರಿಮಾಡೋಕೆ ದುಡ್ಡು ತಗೊಂಡದ್ದೂ ಅವರೇ. ಆಯುಧಪೂಜೆ ಎದುರಿಗಿದೆ, ಜಗಳ ಯಾಕೆ ಅಂತ ಸುಮ್ನೆ ಬಂದೆ.

ಅದಾದಮೇಲೆ ಈ ಪ್ರೊಸೆಸರ್ ನನಗೆ ಒಂದು ದಿನವೂ ಕಾಟ ಕೊಟ್ಟಿಲ್ಲ. ಲೆಕ್ಕ ಬೇಕಲ್ಲ, ಇಗೋ: ಒಂದೂವರೆ ಗಂಟೆಯ ಫುಲ್ ಎಚ್‌ಡಿ ಮದುವೆ ವಿಡಿಯೊ ಐ5ನಲ್ಲಿ ರೆಂಡರ್ ಆಗೋಕೆ (ಎಡಿಟ್ ಮಾಡಿದ್ದು ಕೊನೆಯ ವಿಡಿಯೊ ಫೈಲ್ ಆಗೋಕೆ) 2 ಗಂಟೆ 40 ನಿಮಿಷ ಹಿಡಿಯುತ್ತಿತ್ತು, ಅದೇ ಪ್ರಾಜೆಕ್ಟ್ 3600ರಲ್ಲಿ 55 ನಿಮಿಷಕ್ಕೆ ಮುಗಿಯಿತು. ಮುಂಚೆ ರೆಂಡರ್‌ಗೆ ಹಾಕಿದರೆ ಊಟಕ್ಕೆ ಹೋಗಿ, ಮಲಗಿ ಎದ್ದು ಬರಬೇಕಿತ್ತು. ಈಗ ಒಂದು ಕಡೆ ರೆಂಡರ್ ಓಡುತ್ತಿದ್ದರೆ ಇನ್ನೊಂದು ಕಡೆ ಪತ್ರಿಕೆಯ ಪ್ರೂಫ್ ತಿದ್ದಬಹುದು. ಗಿರಾಕಿಗಳು ಪಕ್ಕದಲ್ಲೇ ಕೂತು ಆಲ್ಬಮ್ ನೋಡುತ್ತಾರಲ್ಲ, ಫ್ಯಾನ್ ಸದ್ದು ಬೇಡ ಅಂತ ಎರಡನೇ ವರ್ಷ ದೊಡ್ಡ ಕೂಲರ್ ಹಾಕಿಸಿದೆ. ಬೇಸಿಗೆಯಲ್ಲೂ ನೆಮ್ಮದಿ.

ತೊಂದರೆ ಬಂದದ್ದು ಇನ್ನೊಂದು ಕಡೆಯಿಂದ. 3600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಪರದೆಗೆ ಚಿತ್ರ ಕಳಿಸೋಕೆ ಬೇರೆ ಕಾರ್ಡ್ ಬೇಕೇಬೇಕು. ಕೊಳ್ಳುವಾಗ ಅದೇನು ಮಹಾ ಅನ್ನಿಸಿತ್ತು. 2021ರಲ್ಲಿ ಗ್ರಾಫಿಕ್ಸ್ ಕಾರ್ಡ್ ಸತ್ತಿತು. ಆಗ ಕಾರ್ಡ್‌ಗಳ ರೇಟ್ ನೆನಪಿದೆಯಾ? ಕ್ರಿಪ್ಟೊ ಮೈನಿಂಗ್, ಚಿಪ್ ಅಭಾವ ಎರಡೂ ಸೇರಿ ಸೆಕೆಂಡ್ ಹ್ಯಾಂಡ್ ಕಾರ್ಡ್‌ಗೂ ಹೊಸದರ ಎರಡು ಪಟ್ಟು ಹೇಳುತ್ತಿದ್ದರು. ಲಾಕ್‌ಡೌನ್‌ನಲ್ಲಿ ಮದುವೆಗಳೇ ಇಲ್ಲದೆ ಕೈ ಖಾಲಿ. ಒಳಗೆ ಗ್ರಾಫಿಕ್ಸ್ ಇರುವ ಇಂಟೆಲ್ ಇದ್ದಿದ್ದರೆ ಕೇಬಲ್ ಕಿತ್ತು ಬೋರ್ಡಿಗೇ ಚುಚ್ಚಿ ಕೆಲಸ ಮುಂದುವರಿಸಬಹುದಿತ್ತು. ನಾನು ಗೆಳೆಯನ ಹತ್ತಿರ ಬಿದ್ದಿದ್ದ ಓಬೀರಾಯನ ಕಾಲದ ಕಾರ್ಡ್ ಸಾಲ ತಂದು ಹಾಕಿಕೊಂಡೆ. ಕೆಲಸಕ್ಕೆ ಅಂತ ಕಂಪ್ಯೂಟರ್ ಜೋಡಿಸುವವರು ಇದನ್ನು ನೆನಪಿಟ್ಟುಕೊಳ್ಳಿ, ಒಳಗೊಂದು ಸಣ್ಣ ಗ್ರಾಫಿಕ್ಸ್ ಇದ್ದರೆ ಅಷ್ಟೇ ಧೈರ್ಯ. ಈಗಿನ ಎಎಂ5 ಸಾಕೆಟ್‌ನ ರೈಜನ್‌ಗಳಲ್ಲಿ ಬಹುತೇಕ ಎಲ್ಲದರಲ್ಲೂ ಇದೆ.

ಇನ್ನು ಎಎಂಡಿ ಒಳ್ಳೆಯವರು, ಒಂದೇ ಸಾಕೆಟ್ ವರ್ಷಗಟ್ಟಲೆ ಕೊಟ್ಟರು ಅಂತ ಹೊಗಳುವವರಿಗೆ ಒಂದೆರಡು ಮಾತು. ಇಂಟೆಲ್ ಆ ಅವಧಿಯಲ್ಲಿ ಎರಡು ಪೀಳಿಗೆಗೊಮ್ಮೆ ಬೋರ್ಡ್ ಬದಲಾಯಿಸುವ ಹಾಗೆ ಮಾಡುತ್ತಿದ್ದದ್ದು ನಿಜ, ನನ್ನ ಬೋರ್ಡಿನ ಎಎಂ4 ಸಾಕೆಟ್ ಬಾಳಿದ್ದೂ ನಿಜ, ನನಗೆ ಲಾಭ ಆದದ್ದೂ ನಿಜ. ಆದರೆ 2020ರ ಮೇನಲ್ಲಿ ಎಎಂಡಿಯವರು ಮುಂದಿನ ರೈಜನ್ 5000 ಬಿ450 ಬೋರ್ಡಿಗೆ ಬರಲ್ಲ, ಹೊಸ ಬೋರ್ಡ್ ತಗೊಳ್ಳಿ ಅಂತ ಹೇಳಿಯೇಬಿಟ್ಟಿದ್ದರು. ಜನ ಎಲ್ಲಾ ಕಡೆ ಬೈದರು. ಎರಡು ವಾರ ಆಗುವುದರೊಳಗೆ ಮಾತು ಹಿಂದೆ ತಗೊಂಡರು. ಅವರು ತಗೊಳ್ಳದೆ ಇದ್ದಿದ್ದರೆ ಈ ವಿಮರ್ಶೆಯ ಎರಡನೇ ಭಾಗವೇ ಇರುತ್ತಿರಲಿಲ್ಲ. ಆ ವರ್ಷ ನವೆಂಬರ್‌ನಲ್ಲಿ 5000 ಬಂದು ಇಂಟೆಲ್‌ಗಿಂತ ಮೇಲಾಯಿತು, ಆಗ ರೇಟ್ ನೋಡಬೇಕಿತ್ತು. 3600ರ ಜಾಗಕ್ಕೆ 5600ಎಕ್ಸ್, 199ರ ಜಾಗಕ್ಕೆ 299 ಡಾಲರ್. ಅಗ್ಗದ್ದು ಇಲ್ಲವೇ ಇಲ್ಲ. ಅತ್ತ ಇಂಟೆಲ್ 2021ರ ಮಾರ್ಚ್‌ನಲ್ಲಿ ಇನ್ನೂ 14 ನ್ಯಾನೊಮೀಟರ್‌ನಲ್ಲೇ ರಾಕೆಟ್ ಲೇಕ್ ತಂದಿತು, ಹಿಂದಿನ ಐ9ಗೆ 10 ಕೋರ್ ಇದ್ದದ್ದು ಹೊಸ ಐ9ಗೆ 8 ಆಯಿತು. ಹೊಸ ಮನೆಗೆ ಹೋಗಿ ಒಂದು ರೂಮ್ ಕಮ್ಮಿ ಆದ ಹಾಗೆ. ಇಂಥ ಎದುರಾಳಿ ಇದ್ದರೆ ಎಎಂಡಿ ಯಾಕೆ ರೇಟ್ ಇಳಿಸುತ್ತೆ? ಇಂಟೆಲ್ ಎದ್ದು ಕೂತದ್ದು 2021ರ ನವೆಂಬರ್‌ನ ಆಲ್ಡರ್ ಲೇಕ್‌ನಿಂದ. ಮುಂದಿನ ಜನವರಿಯಲ್ಲಿ ಅದೇ ಪೀಳಿಗೆಯ ಅಗ್ಗದ ಐ5-12400 ಬಂತು. ಏಪ್ರಿಲ್ ಹೊತ್ತಿಗೆ ಎಎಂಡಿಗೆ ಮತ್ತೆ 199 ಡಾಲರ್ ನೆನಪಾಯಿತು, ರೈಜನ್ 5 5600 ಬಂತು. ಅದರ ಜೊತೆಗೇ ನನ್ನ 5700ಎಕ್ಸ್ ಕೂಡ.

ನಾನು 5700ಎಕ್ಸ್ ತಗೊಂಡದ್ದು 2024ರ ಆಗಸ್ಟ್‌ನಲ್ಲಿ, ಹಬ್ಬಕ್ಕೆ ಮುಂಚೆ. ಆ ಬೇಸಿಗೆ-ಮಳೆಗಾಲದಲ್ಲಿ ಎರಡೂ ಕಡೆ ಗದ್ದಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್‌ಗಳು ಜಾಸ್ತಿ ವೋಲ್ಟೇಜ್‌ನಿಂದ ಒಳಗೇ ಸವೆದು ಕ್ರ್ಯಾಶ್ ಆಗುತ್ತಿವೆ ಅಂತ ಗೊತ್ತಾಗಿ, ಕಂಪನಿ ವಾರಂಟಿಯನ್ನು ಎರಡು ವರ್ಷ ಜಾಸ್ತಿ ಮಾಡಿತು. ಎಎಂಡಿಯ ರೈಜನ್ 9000 ಜುಲೈ 31ಕ್ಕೆ ಬರಬೇಕಿತ್ತು, ವಾರದ ಮುಂಚೆ ಮುಂದಕ್ಕೆ ಹಾಕಿದರು, ಆಗಸ್ಟ್ 8ಕ್ಕೆ ಎರಡು, 15ಕ್ಕೆ ಎರಡು ಅಂತ. ಅಂಗಡಿಗಳಿಗೆ ಕಳಿಸಿದ ಮೊದಲ ಮಾಲು ನಮ್ಮ ಮಟ್ಟಕ್ಕೆ ಇಲ್ಲ, ವಾಪಸ್ ತರಿಸುತ್ತಿದ್ದೇವೆ ಅಂದರು. ಅದೇ ಹೊತ್ತಿಗೆ 9700ಎಕ್ಸ್‌ನ ಒಂದು ಫೋಟೊ ಓಡಾಡಿತು. ಮೇಲೆ ರೈಜನ್ 7 ಅಂತ ಇರಬೇಕಾದ ಕಡೆ ರೈಜನ್ 9 ಅಂತ ಅಚ್ಚಾಗಿತ್ತು! ನಾನೂ ಚಿಕ್ಕಪ್ಪನೂ ಅದನ್ನು ನೋಡಿ ಬಿದ್ದುಬಿದ್ದು ನಕ್ಕೆವು. ವರನ ತಂದೆ ಹೆಸರು ತಪ್ಪಾಗಿ 500 ಪತ್ರಿಕೆ ಮತ್ತೆ ಅಚ್ಚು ಹಾಕಿಕೊಟ್ಟದ್ದು ನಮ್ಮಲ್ಲೂ ಆಗಿದೆ. "ಅಷ್ಟು ದೊಡ್ಡ ಕಂಪನೀಲೂ ಪ್ರೂಫ್ ನೋಡೋರಿಲ್ವೇನೋ" ಅಂದರು ಚಿಕ್ಕಪ್ಪ. ನನಗೆ ಮಾತ್ರ ಆ ಎರಡು ವಾರದ ತಡ ಸರಿ ಅನ್ನಿಸಿತು. ಅವಸರ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ 2000ದ ಕಥೆಯೇ ಇದೆ. 1 ಗಿಗಾಹರ್ಟ್ಜ್ ಪಂದ್ಯದಲ್ಲಿ ಎಎಂಡಿಯ ಅಥ್ಲಾನ್ ಮುಂದೆ ಹೋಯಿತು ಅಂತ ಇಂಟೆಲ್ 1.13 ಗಿಗಾಹರ್ಟ್ಜ್ ಪೆಂಟಿಯಂ 3 ಬಿಟ್ಟು, ಅದು ನೆಟ್ಟಗೆ ಓಡದೆ ಒಂದೇ ತಿಂಗಳಲ್ಲಿ ವಾಪಸ್ ತಗೊಂಡಿತ್ತು.

ಈ ಪಂದ್ಯದ ಏಟು ನಮ್ಮ ಬೆಂಗಳೂರಿಗೂ ಬಿದ್ದಿದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಇಂಟೆಲ್‌ನ ಬೆಂಗಳೂರು ತಂಡ ಒಂದು ಸರ್ವರ್ ಚಿಪ್ ಮಾಡುತ್ತಿತ್ತು, ಅದಕ್ಕೆ ವೈಟ್‌ಫೀಲ್ಡ್ ಅಂತಲೇ ಹೆಸರು, ನಮ್ಮ ಅದೇ ವೈಟ್‌ಫೀಲ್ಡ್. ಎಎಂಡಿಯ ಆಪ್ಟೆರಾನ್ ಸರ್ವರ್ ಮಾರ್ಕೆಟ್‌ನಲ್ಲಿ ಜೋರಾಗಿದ್ದ ಕಾಲ ಅದು. 2005ರ ಅಕ್ಟೋಬರ್‌ನಲ್ಲಿ ಇಂಟೆಲ್ ವೈಟ್‌ಫೀಲ್ಡನ್ನು ಕೈಬಿಟ್ಟು ಬೇರೆ ಚಿಪ್ ಮುಂದಕ್ಕೆ ತಂದಿತು. ಮೂರು ವರ್ಷ ಬಿಟ್ಟು 2008ರಲ್ಲಿ ಅದೇ ಬೆಂಗಳೂರಿನವರು 6 ಕೋರ್‌ನ ಡನಿಂಗ್ಟನ್ ತಂದರು, 190 ಕೋಟಿ ಟ್ರಾನ್ಸಿಸ್ಟರ್. ತಡವಾಗಿ ಬಂದ ಚಿಪ್ ಅಂತ ನಾವು ಸುಲಭಕ್ಕೆ ಬೈಯುತ್ತೇವೆ. ವರ್ಷಗಟ್ಟಲೆ ಕೂತು ಮಾಡಿ ಹೆಸರೇ ಇಲ್ಲದೆ ಹೋದದ್ದನ್ನು ಮಾಡಿದವರಿಗೆ ಹೇಗಾಗಿರಬೇಡ.

ಸರಿ, ಪ್ರೊಸೆಸರ್ ಬದಲಾಯಿಸಿದ ದಿನಕ್ಕೆ ಬರುತ್ತೇನೆ, ಯಾಕಂದರೆ ಇಲ್ಲಿ ನಾನು ಮಾಡಿದ ಎಡವಟ್ಟು ನೀವು ಮಾಡಬಾರದು. ಬಯೋಸ್ ಮೊದಲೇ ಹೊಸದು ಮಾಡಿಟ್ಟುಕೊಂಡಿದ್ದೆ, ಅಷ್ಟು ಬುದ್ಧಿ ಬಂದಿತ್ತು. ಬೆಳಗ್ಗೆ ತಣ್ಣಗಿದ್ದ ಕಂಪ್ಯೂಟರ್ ಬಿಚ್ಚಿ, ಕೂಲರ್‌ನ ಸ್ಕ್ರೂ ತೆಗೆದು, ನೇರ ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನೊಂಚೂರು ಜೋರಾಗಿ ಎಳೆದೆ. ಟಪ್ ಅಂತ ಸದ್ದು. ಕೂಲರ್ ಕೈಗೆ ಬಂತು, ಅದರ ಅಡಿಗೆ ಅಂಟಿಕೊಂಡು 3600 ಪ್ರೊಸೆಸರ್ ಕೂಡ ಬಂತು. ಸಾಕೆಟ್‌ನ ಲಿವರ್ ಇನ್ನೂ ಹಾಕಿಯೇ ಇದೆ! ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿದ್ದ ವರ್ಷಗಳ ಪೇಸ್ಟ್ ಒಣಗಿ ಅಂಟಿನ ಥರ ಹಿಡಿದುಕೊಂಡಿತ್ತು. ಎಎಂ4ರಲ್ಲಿ ಪಿನ್ ಇರುವುದು ಪ್ರೊಸೆಸರ್‌ಗೆ, 1331 ಪಿನ್, ಕೂದಲಿನಂಥವು. ತಿರುಗಿಸಿ ಟ್ಯೂಬ್‌ಲೈಟಿಗೆ ಹಿಡಿದು ಓರೆಯಾಗಿ ನೋಡಿದೆ. ಸಾಲು ಸಾಲಾಗಿ ನಿಂತ ಪಿನ್ನುಗಳ ಮೂಲೆಯಲ್ಲಿ ನಾಲ್ಕು ಮಲಗಿದ್ದವು. ಎದೆ ಧಸಕ್ ಅಂತು. ಪುಣ್ಯಕ್ಕೆ ಮಲಗಿದ್ದು ಹಳೆಯದರಲ್ಲಿ, ಸಾಕೆಟ್‌ಗೆ ಏನೂ ಆಗಿರಲಿಲ್ಲ. ಸೀಸ ತೆಗೆದ 0.5ರ ಕ್ಲಿಕ್ ಪೆನ್ಸಿಲ್ ತಗೊಂಡು, ಅದರ ತೂತಿನೊಳಗೆ ಒಂದೊಂದೇ ಪಿನ್ ತೂರಿಸಿ, ಉಸಿರು ಬಿಗಿಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದೆ. ಮುಕ್ಕಾಲು ಗಂಟೆ ಹಿಡಿಯಿತು. ನೀವು ಹೀಗೆ ಮಾಡಿ: ಮೊದಲು ಹತ್ತು ನಿಮಿಷ ಏನಾದರೂ ರೆಂಡರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ವೈರ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುವಿ ಸಡಿಲ ಮಾಡಿಕೊಂಡು ಆಮೇಲೆ ಎತ್ತಿ.

5700ಎಕ್ಸ್ 8 ಕೋರ್, ಅದೇ 65 ವ್ಯಾಟ್, ಹಳೇ ಕೂಲರ್ರೇ ಸಾಕಾಯಿತು. ಅದೇ ಮದುವೆ ಪ್ರಾಜೆಕ್ಟ್ ಈಗ 38 ನಿಮಿಷ. ಅಂಗಡಿಯಲ್ಲಿ 5700ಎಕ್ಸ್3ಡಿ ತಗೊಳ್ಳಿ ಅಂತ ಬಲವಂತ ಮಾಡಿದರು. ಅದರ 96 ಎಂಬಿ ಕ್ಯಾಶ್‌ನಿಂದ (ಚಿಪ್‌ನೊಳಗಿನ ವೇಗದ ಮೆಮೊರಿ) ಲಾಭ ಗೇಮ್ ಆಡುವವರಿಗೆ, ರೆಂಡರ್‌ಗೆ ಅದು ಕೆಲಸಕ್ಕೆ ಬಾರದು, ಮೇಲಾಗಿ ವೇಗವೂ ಸ್ವಲ್ಪ ಕಮ್ಮಿ. ನನಗೆ 14,900ಕ್ಕೆ ಮುಗಿಯಿತು. ಎಎಂ5ಗೆ ಹೋಗಿದ್ದರೆ ಬೋರ್ಡು, ಡಿಡಿಆರ್5 ರ್‍ಯಾಮ್ ಎಲ್ಲಾ ಸೇರಿ ಮೂರು ಪಟ್ಟು.

ಹಾಗಂತ ಎಡಿಟಿಂಗ್‌ನವರೆಲ್ಲಾ ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ ಅನ್ನಲ್ಲ. ಈಗಿನ ಕ್ಯಾಮೆರಾದವರು 10 ಬಿಟ್, 4:2:2 ಎಚ್‌ಇವಿಸಿ ಫೈಲ್ (ಬಣ್ಣದ ವಿವರ ಜಾಸ್ತಿ ಇದ್ದು, ಒತ್ತಿ ಸಣ್ಣದು ಮಾಡಿದ ವಿಡಿಯೊ) ತಂದುಕೊಡುತ್ತಾರೆ. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಚಿಪ್‌ನ ಒಳಗಿನ ಗ್ರಾಫಿಕ್ಸ್ ಅದನ್ನು ನೀರು ಕುಡಿದ ಹಾಗೆ ಓದುತ್ತೆ. ನನ್ನ ಯಂತ್ರದಲ್ಲಿ ಆ ಸೌಲಭ್ಯ ಇಲ್ಲ, ಟೈಮ್‌ಲೈನ್ ಎಳೆದರೆ ತಡವರಿಸುತ್ತೆ. ನಾನು ರಾತ್ರಿ ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್) ಮಾಡೋಕೆ ಹಾಕಿ ಮನೆಗೆ ಹೋಗುತ್ತೇನೆ. ಅಂಥ ಫೈಲೇ ದಿನಾ ಬರುವವರು ಇಂಟೆಲ್ ಕಡೆ ನೋಡಿ, ಬ್ರ್ಯಾಂಡ್ ಅಭಿಮಾನದಿಂದ ರೆಂಡರ್ ಬೇಗ ಆಗಲ್ಲ.

ಕಾಯಲಾ ಅಂತ ಕೇಳುವವರಿಗೆ ನನ್ನ ಉತ್ತರ: ಬರುವ ಸೀಸನ್‌ಗೆ ಯಂತ್ರ ಬೇಕಾ? ಇವತ್ತು ಅಂಗಡಿಯಲ್ಲಿ ಇರುವುದನ್ನು ತಗೊಳ್ಳಿ. ಬೇಡವಾ, ಹಳೆಯದರಲ್ಲೇ ನಡೆಯುತ್ತಾ? ಹಾಗಾದರೆ ಹೊಸ ಚಿಪ್ ಬಂದ ದಿನ ಹಳೇ ಚಿಪ್ಪಿನ ರೇಟ್ ನೋಡಿ.

ನಾಲ್ಕು ಪಿನ್ ನೆಟ್ಟಗಾದ ಆ 3600 ಈಗ ಕೆಳಗೆ ಚಿಕ್ಕಪ್ಪನ ಟೇಬಲ್ಲಿನ ಮೇಲೆ, ಸೆಕೆಂಡ್ ಹ್ಯಾಂಡ್ ಬೋರ್ಡೊಂದರಲ್ಲಿ ಬಿಲ್ ಹೊಡೆಯುತ್ತಿದೆ. 6 ಕೋರ್, ದಿನಕ್ಕೆ ಹದಿನೈದು ಬಿಲ್. ಗ್ರಾಫಿಕ್ಸ್ ಇಲ್ಲವಲ್ಲ, ಅದಕ್ಕೆ ಗೆಳೆಯನಿಂದ ಸಾಲ ತಂದ ಕಾರ್ಡನ್ನೇ ಹಾಕಿದ್ದೇನೆ. ನಾಲ್ಕು ವರ್ಷ ಆಯಿತು, ಸಿಕ್ಕಾಗೆಲ್ಲಾ ಯಾವಾಗ ಕೊಡ್ತೀಯ ಅಂತಾನೆ. ಮುಂದಿನ ತಿಂಗಳು ಅಂದಿದ್ದೇನೆ.